ಲಕ್ಕುಂಡಿ ಕಲ್ಲಿಗೆ ನೇರಳಿ ಆಕಾಶ ಬ್ಯಾಡ್ರಿ

ಮಾನ್ಯ ಸಂಪಾದಕರಿಗೆ ಗದಗ-ಬೆಟಗೇರಿಯಿಂದ ನಮಸ್ಕಾರ.

ಹೋದ ರವಿವಾರ ನಿಮ್ಮ ಪುರವಣಿ ಮುಖಪುಟದಾಗ ಲಕ್ಕುಂಡಿ ಕಾಶಿವಿಶ್ವೇಶ್ವರ ಗುಡಿ ಫೋಟೋ ಅರ್ಧ ಪುಟ ತುಂಬ ಹಾಕಿದ್ರಿ. ನಮ್ಮ ಕಡೆ ಗುಡಿಗೆ ಅಷ್ಟು ಜಾಗ ಕೊಟ್ರಲ್ಲ ಅಂತ ಮೊದ್ಲು ಖುಷಿ ಆತು, ಚಾ ಕುಡಿಯೂದು ಬಿಟ್ಟು ಪೇಪರ್ ಕಿಟಕಿ ಬೆಳಕಿಗೆ ಹಿಡಕೊಂಡು ನೋಡಿದೆ, ನೋಡಿದ ಮ್ಯಾಲೆ ಮನಸ್ಸಿಗೆ ಭಾಳ ಕಸಿವಿಸಿ ಆತು. ಆಕಾಶ ನೇರಳಿ ಹಣ್ಣಿನ ಬಣ್ಣ, ಕಲ್ಲು ಕಿತ್ತಳಿ ಬಣ್ಣ, ಗ್ವಾಡಿ ಮ್ಯಾಲಿನ ನೆಳ್ಳೆಲ್ಲ ಅಳಿಸಿ ಹೋಗಿತ್ತು, ತಗದವರ ಹೆಸರೂ ಇರ್ಲಿಲ್ಲ, ಯಾವ ತಿಂಗಳು ಎಷ್ಟೊತ್ತಿಗೆ ತಗದದ್ದು ಅನ್ನೂದೂ ಇರ್ಲಿಲ್ಲ. ಅದಕ್ಕ ಈ ಪತ್ರ ಬರ್ಯಾಕತ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ದಯವಿಟ್ಟು ಪೂರ್ತಿ ಓದ್ರಿ.

ನಾನು 30 ವರ್ಷ ಫೋಟೋ ಸ್ಟುಡಿಯೋ ನಡಸಿದಂವ. ಸೋದರಮಾವನ ಡಾರ್ಕ್ ರೂಮಿನ್ಯಾಗ ಕೆಲಸ ಕಲತೆ, ಕೆಂಪು ಬಲ್ಬಿನ ಕೆಳಗ ಡೆವಲಪರ್ ಟ್ರೇ ಒಳಗ ಬಿಳೇ ಪೇಪರ್ ಮ್ಯಾಲೆ ಒಂದು ಮುಖ ನಿಧಾನಕ್ಕ ಮೂಡಿ ಬರೂದನ್ನ ಮೊದಲ ಸಲ ನೋಡಿದಾಗ ನನಗ 16 ವರ್ಷ, ಅವತ್ತಿನಿಂದ ಈ ಹುಚ್ಚು ಬಿಟ್ಟಿಲ್ಲ. ಹೊಟ್ಟಿಪಾಡು ನಡದದ್ದು ಮದುವಿ, ಜವಳ, ಶಾಲಿ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜ್ ಇವುಗಳ ಮ್ಯಾಲೆ. ಆದ್ರ ಅಂಗಡಿ ಸೂಟಿ ಇದ್ದ ದಿನ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ತ್ರಿಕೂಟೇಶ್ವರ ಗುಡಿಗೋ, 12 ಕಿಲೋಮೀಟರ್ ದೂರದ ಲಕ್ಕುಂಡಿಗೋ, ಡಂಬಳಕ್ಕೋ ಹೋಗೂದು, ಯಾರೂ ಹೇಳಿದ್ದಲ್ಲ, ಯಾರೂ ರೊಕ್ಕ ಕೊಡ್ತಿರ್ಲಿಲ್ಲ. ಆಗ ನನಗ ಫೈನ್ ಆರ್ಟ್ ಫೋಟೋಗ್ರಫಿ ಅನ್ನೋ ಶಬ್ದ ಸುದ್ದಾ ಗೊತ್ತಿರ್ಲಿಲ್ಲ. ಗಿರಾಕಿ ಕೇಳಿದ್ದಕ್ಕ ತಗಿಯೂ ಫೋಟೋ ಬ್ಯಾರೆ, ಸುದ್ದಿಗೆ ತಗಿಯೂ ಫೋಟೋ ಬ್ಯಾರೆ, ಒಂದು ವಸ್ತು ಮುಂದ ನಿಂತು ಇದು ನನಗ ಹಿಂಗ ಕಾಣಿಸ್ತು ಅಂತ ಹೇಳಾಕ ತಗಿಯೂ ಫೋಟೋ ಬ್ಯಾರೆ ಅನ್ನೂದು ಮಾತ್ರ ಗೊತ್ತಿತ್ತು.

ಬಣ್ಣದ ತಕರಾರು ಕಲ್ಲಿನಿಂದನ ಶುರು ಆಗ್ತೈತಿ, ಅದನ್ನ ಮೊದ್ಲು ಹೇಳ್ತೀನಿ. ಬಾದಾಮಿ, ಪಟ್ಟದಕಲ್ಲು ಗುಡಿ ಮರಳುಗಲ್ಲಿನವು, ಸಂಜಿ ಬಿಸಲಿಗೆ ಅವು ಕೆಂಡದಂಗ ಕಾಣೂದು ಖರೇನ ಐತಿ. ನಮ್ಮ ಲಕ್ಕುಂಡಿ ಕಲ್ಲು ಆ ಜಾತಿದಲ್ಲ. ಕಲ್ಯಾಣ ಚಾಲುಕ್ಯರ ಕಾಲಕ್ಕ 11ನೇ ಶತಮಾನದಾಗ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿನ ಜಾತಿಗೆ ಬಂದ್ರು, ಅದರಾಗ ಕ್ಲೋರೈಟ್ ಅನ್ನೋ ಖನಿಜ ಇರತೈತಿ, ಅದರಿಂದ ಕಲ್ಲಿಗೆ ಒಂದು ಹಸರು ಛಾಯೆ. ಒಣಗಿದಾಗ ಒಲಿ ಬೂದಿ ಬಣ್ಣ, ಮಳಿ ಬಿದ್ದ ಮ್ಯಾಲೆ ಕೆರಿ ಪಾಚಿಯಂಥಾ ಕರಿ ಹಸರು. ಖಣಿಯಿಂದ ತಗದ ಹೊಸದಾಗಿ ಮೆತ್ತಗಿರತೈತಿ, ಗಾಳಿಗೆ ಬಿದ್ದಂಗ ಗಟ್ಟಿ ಆಗತೈತಿ, ಅದರ ಕಣ ಅಷ್ಟು ಸಣ್ಣ ಅದಾವಂತನ ಶಿಲ್ಪಿಗಳಿಗೆ ಕಂಬನ್ನ ತಿರುಗಣಿಗೆ ಹಾಕಿ ಬಳಿ ಬಳಿ ಕಡದಂಗ ಕಡ್ಯಾಕ ಆತು, ಬಾಗಲಾ ಚೌಕಟ್ಟಿನ ಮ್ಯಾಲೆ ಬಳ್ಳಿ, ಬಳ್ಳಿ ಸುರುಳಿ ಒಳಗ ಮಂದಿ, ಪ್ರಾಣಿ, ಬೆರಳ ಉಗರಿನಷ್ಟು ಸಣ್ಣಾವನ್ನ ಕೆತ್ತಾಕ ಆತು. ಈ ಕಲ್ಲಿಗೆ ಕಿತ್ತಳಿ ಬಣ್ಣ ಹಚ್ಚಿದ್ರ ಹೋಗೂದು ಬಣ್ಣ ಒಂದ ಅಲ್ಲ, ಆ ಕಲ್ಲು ಯಾಕ ಆರಿಸಿದ್ರು ಅನ್ನೋ ಕಾರಣನ ಹೋಗತೈತಿ.

ಇನ್ನ ಬೆಳಕು. ಇದರ ಬಗ್ಗೆ ನಾ ಎಷ್ಟು ಹೇಳಿದ್ರೂ ಕಡಿಮಿ. ಸಣ್ಣ ಕೆತ್ತನಿ ಕಾಣಬೇಕಂದ್ರ ಬಿಸಲು ಗ್ವಾಡಿಗೆ ಎದುರಿಗೆ ಹೊಡೀಬಾರದು, ಗ್ವಾಡಿ ಸವರಿಕೊಂಡು ಹೋಗಬೇಕು, ಆಗ ಒಂದೊಂದು ಗೆರಿಗೂ ತನ್ನ ನೆಳ್ಳು ಸಿಗತೈತಿ. ನಮ್ಮ ಗದಗ ಭೂಮಧ್ಯರೇಖೆಯಿಂದ ಉತ್ತರಕ್ಕ ಸುಮಾರು 15 ಡಿಗ್ರಿ ಮ್ಯಾಲೆ ಐತಿ, ಅದಕ್ಕ ಸೂರ್ಯ ವರ್ಷಕ್ಕ ಎರಡು ಸಲ, ಮೇ ಶುರುವಿಗೆ ಒಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಒಮ್ಮೆ, ಮಧ್ಯಾಹ್ನ ನಮ್ಮ ನೆತ್ತಿ ಮ್ಯಾಲೆನ ನಿಂದರ್ತಾನ. ಆ ಎರಡರ ನಡುವ ಮಧ್ಯಾಹ್ನದ ಸೂರ್ಯ ನಮಗ ಉತ್ತರಕ್ಕ ಇರ್ತಾನ. ಅಂದ್ರ ಗುಡಿಯ ಉತ್ತರ ಗ್ವಾಡಿ, ಚಳಿಗಾಲ ಪೂರಾ ನೆಳ್ಳಾಗ ಮಲಗಿರೂ ಗ್ವಾಡಿ, ಜೂನ್ ತಿಂಗಳದಾಗ ಮ್ಯಾಲಿಂದ ಜಾರಿ ಬರೋ ಬೆಳಕಿಗೆ ಎಚ್ಚರ ಆಗತೈತಿ. ಆದ್ರ ಜೂನ್ ಅಂದ್ರ ಮೋಡ. ಮೋಡದ ನಡುವ ಹತ್ತು ನಿಮಿಷ ಬಿಸಲು ಬಿದ್ರ ಸಿಕ್ಕಂಗ, ಇಲ್ಲಂದ್ರ ಮುಂದಿನ ವರ್ಷ. ನಾ ಆ ಒಂದು ಗ್ವಾಡಿಗೆ ನಾಲ್ಕು ವರ್ಷ ಜೂನ್ ತಿಂಗಳು ಓಡ್ಯಾಡೀನಿ, ಸರಿಯಾದ ನೆಗೆಟಿವ್ ಅಂತ ಕೈಗೆ ಸಿಕ್ಕಾವು ಎರಡು. ಡಿಸೆಂಬರ್‌ದಾಗ ಇದರ ಉಲ್ಟಾ, ಸೂರ್ಯ ದಕ್ಷಿಣಕ್ಕ ಬಾಗಿ ಇಡೀ ದಿನ ಕೆಳಗಿಂದನ ಹೋಗ್ತಾನ, ದಕ್ಷಿಣದ ಗ್ವಾಡಿ ಮುಂಜಾನೆ ಒಂದು ಗುಡಿ, ಸಂಜಿಗೆ ಇನ್ನೊಂದು ಗುಡಿ.

ಇದನ್ನ ನನಗ ಯಾವ ಕ್ಲಾಸಿನ್ಯಾಗೂ ಕಲಿಸಿದ್ದಲ್ಲ. ಒಂದು ಗುಡಿಯೊಳಗ ಕಾವಲಿಗಿದ್ದ ಒಬ್ಬ ಹಿರ್ಯಾರು ಕಲಿಸಿದ್ದು. ಒಂದಿನ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನಾ ಒಂದು ಕಂಬದ ಮುಂದ ಒದ್ದಾಡ್ಕೋತ ನಿಂತಾಗ ಅವರು ಬಂದು, “ತಮ್ಮಾ, ನೀ ಈಗ ಬಂದ್ರ ಈ ಕಂಬ ನಿನ್ನ ಜೋಡಿ ಮಾತಾಡೂದಿಲ್ಲಪಾ, ಎಳ್ಳ ಅಮಾಸಿ ಆದ ಮ್ಯಾಲೆ ಬಾ, ನಾಕ ಹೊಡದ ಮ್ಯಾಲೆ ಬಾ, ಬಾಗಲದಾಗಿಂದ ಬೆಳಕು ಬಂದು ಈ ಮೂರನೇ ಬಳಿಗೆ ಮುಟ್ಟತೈತಿ, ಮುಟ್ಟಿ ಹೊಳ್ಳಿ ಹೋಗತೈತಿ” ಅಂದ್ರು. ಅವರು ದಿನಾ ಅಲ್ಲೇ ಕುಂದ್ರವ್ರು, ಎಲ್ಲಾ ನೋಡಿದವ್ರು. ನಾ ಎಂಟು ತಿಂಗಳು ಕಾದು ಹೋದೆ. ಬೆಳಕು ಬಂತು, ಮೂರನೇ ಬಳಿಗೆ ಮುಟ್ತು, ಒಂದು ಆರೇಳು ನಿಮಿಷ ನಿಂತು ಹೋತು. ಟ್ರೈಪಾಡ್ ಹಚ್ಚಾಕ ಮೊದ್ಲ ಪುರಾತತ್ವ ಇಲಾಖೆ ಅನುಮತಿ ತಗೋಬೇಕು, ಅವತ್ತು ನನ್ನ ಕಡೆ ಇರ್ಲಿಲ್ಲ, ಎದುರಿನ ಕಂಬಕ್ಕ ಬೆನ್ನು ಹಚ್ಚಿ ಉಸರು ಹಿಡಕೊಂಡು ತಗದೆ. ಆ ಪ್ರಿಂಟ್ ಇವತ್ತಿಗೂ ನಮ್ಮ ಮನಿ ಪಡಸಾಲಿಯೊಳಗ ಐತಿ. ಫೈನ್ ಆರ್ಟ್ ಅಂದ್ರ ಏನು ಅಂತ ಯಾರರೆ ಕೇಳಿದ್ರ ನಾ ಆ ಎಂಟು ತಿಂಗಳದ ಕಥಿನ ಹೇಳ್ತೀನಿ.

ನಿಸರ್ಗದ ಫೋಟೋ ಒಂದು ಕಡೆ, ಕಟ್ಟಡದ ಫೋಟೋ ಒಂದು ಕಡೆ ಅಂತ ಮಂದಿ ಬ್ಯಾರೆ ಬ್ಯಾರೆ ಮಾಡ್ತಾರಲ್ಲ, ನಮ್ಮ ಕಡೆ ಹಂಗ ಮಾಡಾಕ ಬರೂದಿಲ್ಲ ಅನ್ನೂದು ನನ್ನ ಮಾತು. ನಮ್ಮ ಶಿಲ್ಪಿಗಳು ಹೊರಗ ಕಂಡದ್ದನ್ನ ಒಳಗ ತಂದ್ರು. ಹಾನಗಲ್ಲಿನ ತಾರಕೇಶ್ವರ ಗುಡಿ ಒಳಗ ಹೋಗಿ ಕುತ್ತಿಗಿ ಎತ್ತಿ ನೋಡ್ರಿ, ಎಂಟು ಮೂಲಿ ಗುಮ್ಮಟದ ನಡುವಿಂದ ಒಂದು ಕಲ್ಲಿನ ಕಮಲ ತಲಿಕೆಳಗಾಗಿ ಇಳಿಬಿದ್ದೈತಿ, ನಾವು ಕೆರಿ ತಳದಾಗ ನಿಂತು ಹೂವಿನ ಹೊಟ್ಟಿ ನೋಡಿದಂಗ ಆಗತೈತಿ. ಗದಗಿನ ಸರಸ್ವತಿ ಗುಡಿ ಕಂಬದಾಗ ಗಡಿಗಿ ಐತಿ, ಗಂಟಿ ಐತಿ, ಹೂವಿನ ದಳ ಐತಿ. ಬಂಕಾಪುರದ ಅರವತ್ತು ಕಂಬದ ಗುಡಿ ಇರೂದು ಕ್ವಾಟಿ ಒಳಗ, ಆ ಕ್ವಾಟಿ ತುಂಬ ನವಿಲು, ಅಲ್ಲಿ ನವಿಲುಧಾಮ ಮಾಡ್ಯಾರ, ಮುಂಜಾನೆ ಕಂಬದ ಸಾಲಿನೊಳಗ ನಿಂತ್ರ ಕೂಗು ಎಲ್ಲಿಂದ ಬರತೈತಿ ತಿಳಿಯೂದಿಲ್ಲ. ಗಳಗನಾಥದಾಗ ವರದಾ ಬಂದು ತುಂಗಭದ್ರಾಕ್ಕ ಕೂಡೂ ಜಾಗದಾಗ ಗಳಗೇಶ್ವರ ಗುಡಿ ಐತಿ, ಅದರ ತಳ ಗುಡ್ಡದ ಬುಡದಂಗ ಅಗಲಾಗಿ ಇಳಿಜಾರು ಬಿದ್ದೈತಿ, ಹೊಳಿ ದಂಡಿ ಮ್ಯಾಲೆ ಕಲ್ಲಿನ ಗುಡ್ಡ ಕುಂತಂಗ.

ಡಂಬಳದ ದೊಡ್ಡಬಸಪ್ಪ ಗುಡಿ ಬಗ್ಗೆ ಸ್ವಲ್ಪ ಜಾಸ್ತಿನ ಬರೀತೀನಿ, ನನಗ ಭಾಳ ಹತ್ತಿರದ ಗುಡಿ ಅದು. ಅದರ ತಳದ ಆಕಾರ 24 ಮೂಲಿ ಇರೂ ನಕ್ಷತ್ರ. ಒಂದು ಚೌಕ ತಗೊಂಡು ನಡುವ ಮೊಳಿ ಹೊಡದು 15 ಡಿಗ್ರಿ, ಮತ್ತ 15 ಡಿಗ್ರಿ ಅಂತ ತಿರುಗಿಸ್ಕೋತ ಹೋದ್ರ ಆರು ಚೌಕಕ್ಕ 24 ಮೂಲಿ ಬರ್ತಾವ, ಹಾಳಿ ಮ್ಯಾಲೆ ಸ್ಕೇಲ್ ಹಿಡಕೊಂಡು ಮಾಡಿ ನೋಡ್ರಿ. ಇನ್ನೊಂದು ಲೆಕ್ಕ ನೋಡ್ರಿ, ಭೂಮಿ ಒಂದು ಸುತ್ತು ತಿರಗಾಕ 24 ತಾಸು, ಅಂದ್ರ ತಾಸಿಗೆ 15 ಡಿಗ್ರಿ. ಕಟ್ಟಿದವರು ಇದನ್ನ ಮನಸ್ಸಿನ್ಯಾಗ ಇಟಗೊಂಡ ಕಟ್ಟಿದ್ರು ಅಂತ ನಾ ಹೇಳಾಕತ್ತಿಲ್ಲ, ಬಿಸಲು ನೆಲದ ಮ್ಯಾಲೆ ಸರಿಯೂದು ಗಡಿಯಾರದಂಗ ಸಮ ಇರೂದೂ ಇಲ್ಲ. ಆದ್ರ ಮುಂಜಾನಿಂದ ಸಂಜಿತನಕ ಆ ಗುಡಿ ಸುತ್ತ ಕುಂತು ನೋಡಿದಂವ ನಾನು, ಒಂದು ಮೂಲಿ ಬೆಳಗತೈತಿ, ಅದರ ಪಕ್ಕದ್ದು ಕತ್ತಲಿಗೆ ಹೋಗತೈತಿ, ಸ್ವಲ್ಪ ಹೊತ್ತಿಗೆ ಬೆಳಕು ಮುಂದಿನ ಮೂಲಿಗೆ ದಾಟತೈತಿ, ಸಾಲಿನ್ಯಾಗ ದೀಪಾ ಹಚ್ಚಿಕೋತ ಹೋದಂಗ. ಒಂದ ಜಾಗದಾಗ ಕ್ಯಾಮೆರಾ ಇಟ್ಟು ತಾಸಿಗೊಂದರಂಗ ತಗದ ಒಂಬತ್ತು ಫೋಟೋ ನನ್ನ ಕಡೆ ಅದಾವ. ಒಂದೂ ಬಣ್ಣದ್ದಲ್ಲ. ಬಣ್ಣ ಇದ್ದಿದ್ರ ಕಣ್ಣು ಹಿಂದಿನ ನೀಲಿ ಆಕಾಶಕ್ಕ ಹೋಗ್ತಿತ್ತು, ನೆಳ್ಳು ನಡದದ್ದು ಕಾಣ್ತಿರ್ಲಿಲ್ಲ.

ಹೊರದೇಶದಾಗ ಈ ದಾರಿ ತುಳದವರು ಅದಾರ, ನಾನು ಅವರ ಕೆಲಸ ನೋಡಿದ್ದು ಭಾಳ ತಡಾ ಮಾಡಿ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ ಅಂತ ಒಬ್ಬರು, ಮೊದ್ಲು ಪುಸ್ತಕದ ಅಂಗಡಿ ಇಟಗೊಂಡಿದ್ದವರು, 1903ರಾಗ ವೆಲ್ಸ್ ಊರಿನ ಚರ್ಚಿನ ಒಳಗ ಸವದ ಮೆಟ್ಟಿಲ ಫೋಟೋ ತಗದು ಅದಕ್ಕ ಮೆಟ್ಟಿಲ ಸಮುದ್ರ ಅನ್ನೋ ಅರ್ಥದ ಹೆಸರಿಟ್ರು. ಖರೇನ ಸಮುದ್ರದ ತೆರಿ ಉಕ್ಕಿ ಬಂದಂಗ ಕಾಣತೈತಿ, ಜನ ನೂರಾರು ವರ್ಷ ತುಳದು ತುಳದು ಮೆಟ್ಟಿಲ ನಡುವ ತಗ್ಗು ಬಿದ್ದದ್ದನ್ನ ಅವರು ತೆರಿ ಅಂತ ಓದಿದ್ರು. ನೆಗೆಟಿವ್ ತಿದ್ದೂದು ಅವರಿಗೆ ಆಗಿ ಬರ್ತಿರ್ಲಿಲ್ಲ, ಪ್ಲಾಟಿನಂ ಪೇಪರ್ ಮ್ಯಾಲೆನ ಪ್ರಿಂಟ್ ಮಾಡ್ತಿದ್ರು, ಮೊದಲ ಮಹಾಯುದ್ಧದ ಹೊತ್ತಿಗೆ ಆ ಪೇಪರ್ ತುಟ್ಟಿ ಆಗಿ ಸಿಗದಂಗಾದಾಗ ಫೋಟೋ ಕೆಲಸನ ಬಿಟ್ರು. ಆ ಫೋಟೋ ನೋಡಿದಾಗ ನನಗ ತಟ್ಟನ ನೆನಪಾದದ್ದು ಲಕ್ಕುಂಡಿ ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ. ಮೆಟ್ಟಿಲು ಇಳಕೋತ ಹೋಗ್ತಾವ, ನಡನಡುವ ಗೂಡಿನಂಥಾ ಸಣ್ಣ ಸಣ್ಣ ಗುಡಿ, ತಳದಾಗ ನೀರು, ನೀರಿನ್ಯಾಗ ಮತ್ತ ಅವ ಮೆಟ್ಟಿಲು ತಿರಗಾಮುರಗಾ ಆಗಿ ಮ್ಯಾಲೆ ಹತ್ತಿ ಬರ್ತಾವ. ಗಾಳಿ ಬೀಸದ ಮುಂಜಾನೆ ಅಲ್ಲಿ ನಿಂತ್ರ ಕಲ್ಲು ಎಲ್ಲಿಗೆ ಮುಗೀತು, ನೀರು ಎಲ್ಲಿಂದ ಸುರು ಆತು ಹೇಳಾಕ ಬರೂದಿಲ್ಲ. ಇದನ್ನ ನೋಡಾಕ ವೆಲ್ಸಿಗೆ ಹೋಗೂದು ಬ್ಯಾಡ, ಗದಗ ಬಸ್‌ಸ್ಟ್ಯಾಂಡಿನ್ಯಾಗ ಬಸ್ ಹತ್ತಿದ್ರ ಸಾಕು.

ಇನ್ನೊಬ್ಬರು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಬರ್ಲಿನ್ನಿನ್ಯಾಗ ಕಲಾ ಶಾಲಿಯೊಳಗ ಮಾಸ್ತರ್, ಗಿಡದ ಚಿಗರು, ಮೊಗ್ಗು, ಬೀಜದ ಕಾಯಿ ತಂದು ತಾವ ಮಾಡ್ಕೊಂಡ ಕ್ಯಾಮೆರಾದಾಗ ಭಾಳ ಪಟ್ಟು ದೊಡ್ಡದ ಮಾಡಿ ತಗೀತಿದ್ರು. ಹುಡುಗ್ರಿಗೆ ಆಕಾರ ಕಲಸಾಕ ಮಾಡಿದ ಕೆಲಸ ಅದು, 1928ರಾಗ ಪುಸ್ತಕ ಆಗಿ ಬಂದಾಗ ಅವರಿಗೆ 60 ದಾಟಿತ್ತು, ಆಮ್ಯಾಲೆ ಜಗತ್ತಿಗೆಲ್ಲಾ ಗೊತ್ತಾತು. ಅವರು ತಗದ ಗಿಡದ ದಂಟು ನೋಡಿದ್ರ ಕಂಬದಂಗ ಕಾಣತೈತಿ, ಸುರುಳಿ ಸುತ್ತಿದ ಜರಿಗಿಡದ ಚಿಗರು ನೋಡಿದ್ರ ಬಾಗಲಾ ಚೌಕಟ್ಟಿನ ಬಳ್ಳಿ ಕಾಣತೈತಿ. ಅಂದ್ರ ಅವರು ಗಿಡದಾಗ ಕಟ್ಟಡ ಕಂಡ್ರು, ನಮ್ಮ ಶಿಲ್ಪಿಗಳು ಕಟ್ಟಡದಾಗ ಗಿಡ ಕಂಡಿದ್ರು, ಅವರಿಗಿಂತ ಎಂಟುನೂರಾ ಚಿಲ್ಲರೆ ವರ್ಷ ಮೊದ್ಲ. ನಾ ಇದನ್ನ ನೋಡಿದ ಮ್ಯಾಲೆ ನಮ್ಮ ಎರಿ ಹೊಲದ ದಂಡಿಯಿಂದ ಕುಸುಬಿ ಹೂವು, ಹತ್ತಿ ಕಾಯಿ, ಎಕ್ಕಿ ಕಾಯಿ ತಂದು ಸ್ಟುಡಿಯೋದಾಗ ಕರಿ ಬಟ್ಟಿ ಮುಂದ ಇಟ್ಟು ತಗದೆ. ಒಡದ ಹತ್ತಿ ಕಾಯಿ ಹಿಂದ ಅಂಟಿಕೊಂಡಿರೂ ಒಣಗಿದ ತೊಟ್ಟಿನ ದಳ ಐತಲ್ಲ, ಅದನ್ನ ದೊಡ್ಡದ ಮಾಡಿ ಪ್ರಿಂಟ್ ಹಾಕಿ ಲಕ್ಕುಂಡಿ ಕಂಬದ ಪ್ರಿಂಟಿನ ಪಕ್ಕ ಇಟ್ಟು ನೋಡಿದೆ, ನನ್ನ ಹೆಂಡತಿ ಬಂದು ಎರಡೂ ಯಾವ ಗುಡಿಯವು ಅಂತ ಕೇಳಿದ್ಲು.

ನಮ್ಮ ಗುಡಿ ಫೋಟೋಕ್ಕ ಬಂದದ್ದು ನಿನ್ನಿ ಮೊನ್ನಿ ಅಲ್ಲ ಅನ್ನೂದೂ ಹೇಳಬೇಕು. ಫೋಟೋ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಾಗ. 1855ರ ಹೊತ್ತಿಗೆ ಬಿಗ್ಸ್ ಅನ್ನೋ ಫಿರಂಗಿ ದಳದ ಅಧಿಕಾರಿನ್ನ ಮುಂಬಯಿ ಸರ್ಕಾರ ಈ ಕಡೆ ಗುಡಿಗಳ ಫೋಟೋ ತಗ್ಯಾಕ ನೇಮಿಸ್ತು, ಆಮ್ಯಾಲೆ ಡಾಕ್ಟರ್ ಪಿಗೂ ಬಂದ್ರು, ನೀಲ್ ಅನ್ನವ್ರೂ ತಗದ್ರು. ಈ ಮೂವರ ಫೋಟೋ ಸೇರಿಸಿ 1866ರಾಗ ಲಂಡನ್ನಿನ್ಯಾಗ ಧಾರವಾಡ ಮತ್ತ ಮೈಸೂರಿನ ವಾಸ್ತುಶಿಲ್ಪ ಅಂತ ದೊಡ್ಡ ಪುಸ್ತಕ ಬಂತು, ಮೆಡೋಸ್ ಟೇಲರ್ ಇತಿಹಾಸ ಬರದ್ರು, ಜೇಮ್ಸ್ ಫರ್ಗುಸನ್ ಕಟ್ಟಡದ ವಿವರ ಬರದ್ರು. ಧಾರವಾಡ ಅಂದ್ರ ಆಗಿನ ದೊಡ್ಡ ಜಿಲ್ಲೆ, ಗದಗ ಹಾವೇರಿ ಬ್ಯಾರೆ ಆದದ್ದು 1997ರಾಗ. ನನಗ ಆಶ್ಚರ್ಯ ಅನಸೂದು ಏನಂದ್ರ, ಅವರದು ಪೆಟಗಿಯಂಥಾ ಕ್ಯಾಮೆರಾ, ಮಸಾಲಿ ಹಚ್ಚಿದ ಕಾಗದನ ನೆಗೆಟಿವ್, ನಮ್ಮ ಬಿಸಲು, ನಮ್ಮ ದೂಳು, ಆದ್ರೂ ಆ ಫೋಟೋದಾಗ ಕಲ್ಲು ಕಲ್ಲಿನಂಗ ಐತಿ, ನೆಳ್ಳು ನೆಳ್ಳಿನಂಗ ಐತಿ. ಅವರು ದಾಖಲೆ ಮಾಡಾಕ ಬಂದವರು, ಕಲೆ ಅಂತ ಬಂದವರಲ್ಲ. ದಾಖಲೆ ಮಾಡಾಕ ಬಂದವರ ಅಷ್ಟು ನಿಯತ್ತಿನಿಂದ ಕೆಲಸ ಮಾಡಿದ್ರ, ಕಲೆ ಅಂತ ತಗಿಯೂ ನಾವು ಇನ್ನೂ ಜಾಸ್ತಿ ನಿಯತ್ತಿನಿಂದ ಇರಬೇಕಲ್ರಿ.

ಈಗಿನ ಹುಡುಗ್ರ ಬಗ್ಗೆ ನಾ ಸಿಟ್ಟು ಮಾಡಾಕತ್ತಿಲ್ಲ. ಅವರ ಕೈಯಾಗ ಇರೂ ಮೊಬೈಲ್ ಒಂದು ಸಲ ಒತ್ತಿದ್ರ ಒಳಗಿಂದೊಳಗ ನಾಕೈದು ಫೋಟೋ ತಗದು ಕೂಡಸತೈತಿ, ಕತ್ತಲಿದ್ದ ಕಡೆ ಬೆಳಕು ತುಂಬತೈತಿ, ಅದಕ್ಕ ಗೊತ್ತಿಲ್ಲ ಲಕ್ಕುಂಡಿ ಕಂಬದ ಸಂದಿಯೊಳಗ ಕತ್ತಲು ಇರಬೇಕು ಅಂತ. ಬೆಳಕು ಅಳಿಯೂ ಮೀಟರ್ ಎದುರಿಗಿರೂದನ್ನೆಲ್ಲ ನಡುಮಧ್ಯದ ಬೂದು ಬಣ್ಣ ಅಂತ ತಿಳಕೊಂಡು ಲೆಕ್ಕ ಹಾಕತೈತಿ, ನಮ್ಮ ಕಲ್ಲು ಅದಕ್ಕಿಂತ ಕಪ್ಪು, ಹಂಗಾಗಿ ಮೀಟರ್ ಹೇಳಿದಂಗ ತಗದ್ರ ಕಲ್ಲು ಸುಣ್ಣಾ ಬಳದಂಗ ಬರತೈತಿ, ಒಂದು ಸ್ಟಾಪ್ ಇಳಿಸಿದ್ರ, ಅಂದ್ರ ಒಳಗ ಬೀಳೂ ಬೆಳಕು ಅರ್ಧ ಮಾಡಿದ್ರ, ಸರಿ ಹೋಗತೈತಿ. ಮತ್ತ ಶಿಖರ ಹಿಡ್ಯಾಕ ಕ್ಯಾಮೆರಾ ಮ್ಯಾಲಕ್ಕ ಎತ್ತಿದ್ರ ಗುಡಿ ಹಿಂದಕ ಬಿದ್ದಂಗ ಕಾಣತೈತಿ, ಹಳೇ ಪೆಟಗಿ ಕ್ಯಾಮೆರಾದಾಗ ಲೆನ್ಸ್ ಒಂದನ್ನ ಮ್ಯಾಲೆ ಸರಿಸಾಕ ಬರ್ತಿತ್ತು, ಈಗ ಅದಕ್ಕಂತ ಬರೂ ಲೆನ್ಸ್ ಭಾಳ ತುಟ್ಟಿ. ಇಲ್ದವರು ಹಿಂದಕ ಹೋಗಿ ನಿಂದ್ರಬೇಕು, ಕ್ಯಾಮೆರಾ ನೆಟ್ಟಗ ಹಿಡೀಬೇಕು, ಕೆಳಗಿನ ಖಾಲಿ ನೆಲ ಆಮ್ಯಾಲೆ ಕತ್ತರಿಸಬೇಕು. ಇಷ್ಟ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಮಾತ್ರ ಇದು ನಡಿಯೂದಿಲ್ಲ, ಸುತ್ತಲೂ ಮನಿ ಹತ್ತಿಕೊಂಡಾವ, ಹಿಂದಕ ಹೋಗಾಕ ಜಾಗ ಇಲ್ಲ. ಆದ್ರ ಅದಕ್ಕ ನಾಕೂ ದಿಕ್ಕಿಗೆ ಬಾಗಲ ಅದಾವ, ಒಳಗ ಕುಂತ್ರ ದಿನಕ್ಕ ನಾಕು ತರದ ಬೆಳಕು, ಹುಬ್ಬಳ್ಳಿ ಹುಡುಗ್ರು ಒಂದು ರವಿವಾರ ಅಲ್ಲಿ ಕಳದು ನೋಡ್ರಿ.

ನಿಸರ್ಗದ ವಿಷಯಕ್ಕ ಬಂದ್ರ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ. ಚಳಿಗಾಲಕ್ಕ ಮಧ್ಯ ಏಷ್ಯಾದ ಕಡಿಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ, ರಾತ್ರಿ ಹೊಲದಾಗ ಮೇದು ಹಗಲು ನೀರಿನ್ಯಾಗ ದಣಿವು ಆರಿಸ್ಕೋತಾವ. 2024ರಾಗ ಅದಕ್ಕ ರಾಮ್ಸಾರ್ ಪಟ್ಟಿಯೊಳಗ, ಅಂದ್ರ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯೊಳಗ, ಜಾಗ ಸಿಕ್ತು, ಸುಮಾರು 50 ಹೆಕ್ಟೇರಿನ ಸಣ್ಣ ಕೆರಿಗೆ ದೊಡ್ಡ ಮಾತು ಅದು. ಅಲ್ಲಿ ಹೋದವರೆಲ್ಲ ಉದ್ದ ಲೆನ್ಸ್ ಹಾಕಿ ಒಂದೊಂದು ಹಕ್ಕಿ ಕಣ್ಣು ತಗೀತಾರ, ತಗೀಲಿ, ಅದೂ ಬೇಕು. ಆದ್ರ ನನಗ ಆ ಕೆರಿ ಕಾಣೂದು ಬ್ಯಾರೆ ಥರ, ಮಂಜು ಬಿದ್ದ ಮುಂಜಾನೆ ನೀರು ಆಕಾಶ ಎರಡೂ ಒಂದ ಹಾಳಿ ಆಗಿರತೈತಿ, ಅದರ ಮ್ಯಾಲೆ ನೂರಾರು ಹಕ್ಕಿ ಯಾರೋ ಶಾಯಿ ಚುಕ್ಕಿ ಇಟ್ಟಂಗ ಕುಂತಿರ್ತಾವ. ದೂರ ನಿಂತು ತಗೀರಿ. ಹತ್ತಿರ ಹೋಗಿ ಎಬ್ಬಿಸಿ ಹಾರೂದನ್ನ ತಗ್ಯಾಕ ಹೋಗೂದು, ಡ್ರೋನ್ ಬಿಡೂದು ಮಾಡಬ್ಯಾಡ್ರಿ, ಅಷ್ಟು ದೂರದಿಂದ ಬಂದ ಜೀವ ಅವು, ದಣಿದಿರ್ತಾವ. ಹಂಗ ಏಪ್ರಿಲ್ ಮೇ ತಿಂಗಳದಾಗ ಎರಿ ಹೊಲ ಬಿರಕ ಬಿಟ್ಟಾಗ ಅದರ ಮ್ಯಾಲೆ ನೆಟ್ಟಗ ಕೆಳಗ ನೋಡಿ ತಗೀರಿ, ಕಪ್ಪತಗುಡ್ಡದ ಮ್ಯಾಲೆ ಮೊದಲ ಮಳಿ ಆದ ಮರುದಿನ ಹೋಗ್ರಿ. ಇವು ಯಾವೂ ಟೂರಿಸ್ಟ್ ಫೋಟೋ ಆಗಿ ಓಡೂದಿಲ್ಲ, ಆದ್ರ ಇದ ನಮ್ಮ ಸೀಮಿ.

ಈಗ ನನ್ನ ಮುಖ್ಯ ಮಾತು. ಇಷ್ಟೆಲ್ಲ ತಗದದ್ದನ್ನ ತೋರಸಾಕ ನಮಗ ಗ್ವಾಡಿ ಇಲ್ರಿ. ಫೋಟೋ ಅಂದ್ರ ಪ್ರಿಂಟ್, ಮೊಬೈಲಿನ್ಯಾಗ ಬೆರಳಿಂದ ಸರಿಸಿ ಬಿಡೂದಲ್ಲ. ಮೂರು ಫೂಟಿನ ಪ್ರಿಂಟ್ ಮುಂದ ನಿಂತಾಗ ಮನಶ್ಯಾ ಸುಮ್ನ ಆಗ್ತಾನ, ಅದನ್ನ ನಾ ಕಣ್ಣಾರೆ ನೋಡೀನಿ. ಒಂದು ಸಲ ಒಂದು ಜಾತ್ರಿ ಟೈಮಿನ್ಯಾಗ ನಾನೂ ನನ್ನ ಇಬ್ಬರು ಗೆಳ್ಯಾರೂ ಕೂಡಿ ಒಂದು ಹಾಲ್ ಎರಡು ದಿನ ಬಾಡಿಗಿ ತಗೊಂಡು ಹಗ್ಗ ಕಟ್ಟಿ ಕ್ಲಿಪ್ ಹಾಕಿ 22 ಪ್ರಿಂಟ್ ತೂಗಹಾಕಿದ್ವಿ. ಒಬ್ಬ ವಯಸ್ಸಾದ ಕುಂಬಾರ ಕಾಕಾ, ಜಾತ್ರಿಯೊಳಗ ಗಡಿಗಿ ಮಾರಾಕ ಬಂದವರು, ನೀರು ಕುಡ್ಯಾಕ ಒಳಗ ಬಂದ್ರು. ಬಂದವರು ನಾ ಹೇಳಿದೆನಲ್ಲ ಆ ಮೂರನೇ ಬಳಿ ಕಂಬದ ಫೋಟೋ ಮುಂದ ನಿಂತ್ರು, ನಿಂತವರು ಹೋಗಲೇ ಇಲ್ಲ. ಬೆರಳು ಹತ್ತಿರ ತಂದು, ಮುಟ್ಟದನ, ಗಾಳಿಯೊಳಗ ಸುತ್ತ ತಿರುವಿ, “ಇದು ತಿಗರಿ ಮ್ಯಾಲಿನ ಕೆಲಸ ಐತಲ್ಲೋ ಯಪ್ಪಾ, ನೋಡು ಇಲ್ಲಿ ಗೆರಿ, ಕೈ ಒತ್ತಿದ ಗೆರಿ ಅದು, ನಮ್ಮ ಗಡಿಗಿ ಮ್ಯಾಲೂ ಹಿಂಗ ಬೀಳತಾವ” ಅಂದ್ರು. ನಾ ಆ ಗೆರಿ ಅವತ್ತಿನತನಕ ನೋಡಿರ್ಲಿಲ್ಲ. ಕೂದಲದಷ್ಟು ಸಣ್ಣ ಗೆರಿ, ಕಲ್ಲು ತಿರಗ್ಯಾಡುವಾಗ ಉಳಿ ಬಿಟ್ಟ ಗುರುತು, ಬೆಳಕು ಅಷ್ಟು ಓರೆಯಾಗಿ ಬಿದ್ದಿದ್ದಕ್ಕ ಫೋಟೋದಾಗ ಹಿಡದಿತ್ತು. ಅದ ಕಂಬದ ಮುಂದ ನಾ ಹತ್ತಾರು ಸಲ ನಿಂತೀನಿ, ನಾನ ಎನ್ಲಾರ್ಜರ್ ಮ್ಯಾಲೆ ಪ್ರಿಂಟ್ ಮಾಡೀನಿ, ಕಂಡಿದ್ದಿಲ್ಲ. ಆ ಕಾಕಾಗ ಕಂಡ್ತು, ಯಾಕಂದ್ರ ಅದು ಅವರ ಕೈ ಕೆಲಸ. ನಿಮ್ಮ ಪುರವಣಿಯ ಕಿತ್ತಳಿ ಗುಡಿಯೊಳಗ ಅವರಿಗೆ ಆ ಗೆರಿ ಸಿಗ್ತಿತ್ತೇನ್ರಿ?

ಹಾಲಿನ ಬಾಡಿಗಿ, ಪ್ರಿಂಟಿನ ಖರ್ಚು ನಮಗ ಮತ್ತೊಮ್ಮೆ ಭರಸಾಕ ಆಗ್ಲಿಲ್ಲ, ಅವು 22 ಪ್ರಿಂಟ್ ಕಪಾಟಿನ್ಯಾಗ ಅದಾವ. ಗದಗ ಚಿತ್ರಕಲಾ ಶಾಲಿ ಊರು, ಟಿ. ಪಿ. ಅಕ್ಕಿ ಮಾಸ್ತರ್ ಊರು, ಮತ್ತ ಪ್ರಿಂಟಿಂಗ್ ಪ್ರೆಸ್ಸಿನ ಊರು. ಧಾರವಾಡದಾಗ ಹಾಲಭಾವಿ ಮಾಸ್ತರ್ ಕಾಲದಿಂದ ಚಿತ್ರ ಕಲತವರ ಪರಂಪರೆ ಐತಿ. ಇಂಥಾ ಕಡೆ ಬರೇ ಫೋಟೋ ಪ್ರಿಂಟಿಗೆ ಅಂತ ಒಂದು ಕ್ವಾಣಿ, ನಾಕು ಗ್ವಾಡಿ, ಸರಿಯಾದ ಲೈಟು, ವರ್ಷಪೂರ್ತಿ ತೆರದಿರೂದು, ಬೇಕಾಗಿದ್ದು ಇಷ್ಟ. ಇದನ್ನ ಪಾಲಿಕೆ ಮಾಡ್ಲಿ, ಇಲಾಖೆ ಮಾಡ್ಲಿ, ಕಾಲೇಜು ಮಾಡ್ಲಿ, ನೀವು ಪೇಪರಿನ್ಯಾಗ ಕೇಳಿದ್ರ ಅವರಿಗೆ ಮುಟ್ಟತೈತಿ, ನಾ ಕೇಳಿದ್ರ ಮುಟ್ಟೂದಿಲ್ಲ.

ಗ್ವಾಡಿ ಆಗಾಕ ವರ್ಷಗಟ್ಟಲೆ ಹಿಡೀತೈತಿ ಅಂತ ಗೊತ್ತೈತಿ. ಅಲ್ಲಿತನಕ ನಿಮ್ಮ ಪೇಪರ್ ಒಂದು ಗ್ವಾಡಿ ಆಗಲಿ. ವಾರಕ್ಕೊಮ್ಮೆ ಪುರವಣಿಯೊಳಗ ಕಾಲು ಪುಟ ಕೊಡ್ರಿ, ಒಂದ ಫೋಟೋ, ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರು ಜಿಲ್ಲೆದ್ದು, ಸುದ್ದಿ ಇಲ್ಲದ ಫೋಟೋ. ಕಪ್ಪು ಬಿಳುಪು ಇದ್ರ ಇನ್ನೂ ಚೊಲೊ. ಆಕಾಶ ಬದಲ ಮಾಡಿದ್ದು ತಗೋಬ್ಯಾಡ್ರಿ. ಕೆಳಗ ತಗದವರ ಹೆಸರು, ಊರು, ತಿಂಗಳು, ಹೊತ್ತು ಹಾಕ್ರಿ, ಓದಿದ ಹುಡುಗ ಒಬ್ಬರೆ ಅದ ತಿಂಗಳು ಅದ ಹೊತ್ತಿಗೆ ಅಲ್ಲಿ ಹೋಗಿ ನಿಂದರ್ತಾನ. ಒಂದು ಕಸಬಿನ ಮಾತೂ ಹೇಳಿಬಿಡ್ತೀನಿ, ಪೇಪರಿನ ಹಾಳಿ ಶಾಯಿ ಕುಡೀತೈತಿ, ಇಂಚಿಗೆ ಸುಮಾರು 100 ಸಾಲು ಚುಕ್ಕಿಯೊಳಗ ಫೋಟೋ ಅಚ್ಚಾಗೂದು, ಚುಕ್ಕಿ ಹಬ್ಬಿ ನೆಳ್ಳೆಲ್ಲ ಮುಚ್ಚಿ ಹೋಗತಾವ. ಹಂಗಂತ ಎಲ್ಲಾ ಬೆಳ್ಳಗ ಮಾಡಿ ಕಲ್ಲಿನ ಜೀವ ತಗೀಬ್ಯಾಡ್ರಿ, ನೆಳ್ಳಿನ ಕೆಳಗಿನ ಭಾಗ ಮಾತ್ರ ಸ್ವಲ್ಪ ಎತ್ತಿ, ನಟ್ಟನಡುವಿನ ಬೂದು ಬಣ್ಣ ಮುಟ್ಟದಂಗ ಬಿಟ್ರ ಕೆತ್ತನಿ ಉಳೀತೈತಿ. ನಿಮ್ಮ ಪ್ರೆಸ್ಸಿನವರಿಗೆ ಬೇಕಂದ್ರ ನಾನ ಬಂದು ನಾಕು ಟೆಸ್ಟ್ ಹಾಕಿಸಿ ತೋರಿಸ್ತೀನಿ, ರೊಕ್ಕ ಬ್ಯಾಡ.

ಎಳ್ಳ ಅಮಾಸಿ ಆದ ಮ್ಯಾಲೆ ನಾ ಮತ್ತ ಮುಸುಕಿನ ಬಾವಿಗೆ ಹೋಗಾಂವ ಅದೀನಿ, ಈ ಸಲ ಟ್ರೈಪಾಡಿಗೆ ಅನುಮತಿ ಕೇಳಿ ಅರ್ಜಿ ಹಾಕೀನಿ. ನಿಮ್ಮ ಫೋಟೋ ವಿಭಾಗದ ಹುಡುಗ್ರು ಯಾರರೆ ಬರೂದಿದ್ರ ಕಳಸ್ರಿ, ಹೊತ್ತು ಹುಟ್ಟೂದರೊಳಗ ಗುಡಿ ಗೇಟ್ ಮುಂದ ಇರಬೇಕು, ಅಂದ್ರ ಗದಗಿನಿಂದ ಮೊದಲ ಬಸ್ಸಿಗೇ ಹೊಂಡಬೇಕು. ಬುತ್ತಿ ನಾ ಕಟ್ಟಿಸ್ಕೊಂಡು ಬರ್ತೀನಿ.

ಇಂತಿ ನಿಮ್ಮ ಹಳೇ ಓದುಗ,
ಬೆಟಗೇರಿ